ಚುಕ್ಕಿ ಇಟ್ಟು ದಾರ ಎಳೆಯಿರಿ: ತರಗತಿಯಲ್ಲಿ ಎಲ್ಲರೂ ಸೇರಿ ಜಾಲಚಿತ್ರ ಮಾಡುವುದು ಹೇಗೆ?

'ಪರಾಗಸ್ಪರ್ಶ ಎಂದರೇನು?' ಎಂದು ಕೇಳಿದರೆ ಏಳನೇ ತರಗತಿ ಮಕ್ಕಳು ಒಂದೇ ಉಸಿರಿಗೆ ಉತ್ತರ ಒಪ್ಪಿಸುತ್ತಾರೆ. 'ನಿಮ್ಮ ಮನೆ ಹಿಂದಿನ ರೊಬಸ್ಟಾ ಕಾಫಿ ಗಿಡಕ್ಕೆ ಜೇನು ಬರದೇ ಇದ್ದರೆ ಏನಾಗುತ್ತದೆ?' ಎಂದು ಕೇಳಿ ನೋಡಿ. ಕ್ಲಾಸು ಸುಮ್ಮನಾಗಿಬಿಡುತ್ತದೆ. ಪುಸ್ತಕದ ಮಾತು ಒಂದು ಕಡೆ, ತೋಟದ ಮಾತು ಇನ್ನೊಂದು ಕಡೆ. ನಡುವಿನ ಗೆರೆಯನ್ನು ಯಾರೂ ಎಳೆದಿಲ್ಲ, ಅಷ್ಟೆ.

ಆ ಗೆರೆಯನ್ನು ಮಕ್ಕಳ ಕೈಯಲ್ಲೇ ಎಳೆಸುವ ಕೆಲಸಕ್ಕೆ ನಾನು ಜಾಲಚಿತ್ರ ಎನ್ನುತ್ತೇನೆ. ವಸ್ತುಗಳು ಚುಕ್ಕಿಗಳು, ಅವುಗಳ ಸಂಬಂಧ ಗೆರೆಗಳು. ರಂಗೋಲಿ ಹಾಕಿದವರಿಗೆ ಇದು ಹೊಸದಲ್ಲ. ಆದರೆ ರಂಗೋಲಿಗೆ ಎಷ್ಟು ಚುಕ್ಕಿ ಎಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಅದೂ ಗೊತ್ತಿರುವುದಿಲ್ಲ. ಕೊಡಗಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಇದನ್ನು ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಕಂಪ್ಯೂಟರ್ ಇಲ್ಲದಿದ್ದರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮೊದಲು ಒಂದೇ ಒಂದು ಪ್ರಶ್ನೆ

'ಪರಿಸರ' ಎಂದು ವಿಷಯ ಕೊಟ್ಟರೆ ಮಕ್ಕಳು ಸಿಕ್ಕಿದ್ದನ್ನೆಲ್ಲ ಬರೆಯುತ್ತಾರೆ. ಪ್ರಶ್ನೆ ಕೊಡಿ. ನಾನು ಕೊಟ್ಟದ್ದು ಇದು: 'ಕಾಫಿ ಹೂ ಕಾಯಿಯಾಗಿ, ಹಣ್ಣಾಗಿ ಕಣಕ್ಕೆ ಬರುವವರೆಗೆ ಯಾರ್ಯಾರು ಬೇಕು? ಯಾರು ಅಡ್ಡ ಬರುತ್ತಾರೆ?' ಸಮಾಜ ವಿಜ್ಞಾನದವರು ಕಾವೇರಿಯನ್ನು ತೆಗೆದುಕೊಳ್ಳಬಹುದು. ತಲಕಾವೇರಿಯಿಂದ ಕನ್ನಂಬಾಡಿ ಕಟ್ಟೆಯವರೆಗೆ ಯಾವ ನದಿ ಎಲ್ಲಿ ಸೇರುತ್ತದೆ, ಆ ನೀರನ್ನು ಯಾರು ಬಳಸುತ್ತಾರೆ ಎಂದು ಕೇಳಿ.

ಪ್ರತಿ ಮಗುವೂ ಎರಡು ಚೀಟಿ ಬರೆಯಲಿ. ಒಂದು ಚೀಟಿಗೆ ಒಂದೇ ಹೆಸರು. ಜೇನು, ಸಿಲ್ವರ್ ಓಕ್, ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಕಾಂಡಕೊರಕ ಹುಳ, ಕೊಯ್ಲಿಗೆ ಬರುವವರು ಹೀಗೆ. ಒಂದೇ ಹೆಸರಿನವನ್ನು ಸೇರಿಸಿದ ಮೇಲೆ ಇಪ್ಪತ್ತು ಇಪ್ಪತ್ತೈದು ಚೀಟಿ ಉಳಿದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಗೋಡೆ ಮೇಲೆ ದಾರ ಸಿಕ್ಕಾಗುತ್ತದೆ.

ಈ ಸೇರಿಸುವ ಹಂತವನ್ನು ಬೇಗ ಮುಗಿಸಲು ಹೋಗಬೇಡಿ. ನಮ್ಮ ಕ್ಲಾಸಿನಲ್ಲಿ ಹಂದಿ, ಪಂದಿ, ಪನ್ನಿ, ಪಂಜಿ ಎಂದು ನಾಲ್ಕು ಚೀಟಿ ಬಂದವು. ಕನ್ನಡದ್ದೊಂದು, ಕೊಡವ ತಕ್ಕಿನದ್ದೊಂದು, ಮಲಯಾಳದ್ದೊಂದು, ತುಳುವಿನದ್ದೊಂದು. ನಾಲ್ಕೂ ಒಂದೇ ಪ್ರಾಣಿ ಎಂದು ಗೊತ್ತಾದಾಗ ಮಕ್ಕಳಿಗೆ ಆದ ಖುಷಿ ನೋಡಬೇಕಿತ್ತು! ನಾಲ್ಕು ಹೆಸರನ್ನೂ ಒಂದೇ ಚೀಟಿ ಮೇಲೆ ಬರೆಸಿದೆ. ಯಾರ ಮನೆಮಾತನ್ನೂ ಅಳಿಸಬೇಡಿ.

ಗೆರೆಗೆ ಕ್ರಿಯಾಪದ ಬೇಕು

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ನಾಲ್ಕೈದು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಬಣ್ಣದ ದಾರ ಕೊಡಿ. ಚೀಟಿಯಿಂದ ಚೀಟಿಗೆ ದಾರ ಕಟ್ಟಬಹುದು, ಆದರೆ ದಾರದ ಮೇಲೆ ಒಂದು ಕ್ರಿಯಾಪದ ಅಂಟಿಸಲೇಬೇಕು. ಜೊತೆಗೆ ಬಾಣದ ಗುರುತೂ ಇರಲಿ. ಚೀಟಿ, ದಾರ, ಚೀಟಿ ಓದಿದರೆ ಒಂದು ಪೂರ್ತಿ ವಾಕ್ಯ ಆಗಬೇಕು. 'ಸಿಲ್ವರ್ ಓಕ್, ಕಾಫಿ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಸಿಲ್ವರ್ ಓಕ್ ಕಾಫಿಗೆ ನೆರಳು ಕೊಡುತ್ತದೆ' ಎಂದರೆ ಅದು ಸರಿಯೋ ತಪ್ಪೋ ಎಂದು ಜಗಳ ಆಡಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1972ರಲ್ಲಿ ಪರಿಕಲ್ಪನಾ ನಕ್ಷೆ (ಕಾನ್ಸೆಪ್ಟ್ ಮ್ಯಾಪ್) ರೂಪಿಸಿದಾಗಲೂ ಗೆರೆಯ ಮೇಲಿನ ಮಾತಿಗೆ ಇದೇ ಮಹತ್ವ ಕೊಟ್ಟಿದ್ದರು. ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ಅವರ ಉದ್ದೇಶವಾಗಿತ್ತು.

ಒಂದು ಗುಂಪು ಎಳೆದ ಗೆರೆಗೆ ಇನ್ನೊಂದು ಗುಂಪಿನವರು ಕೆಂಪು ಪ್ರಶ್ನಾರ್ಥಕ ಚೀಟಿ ಅಂಟಿಸಬಹುದು. ಆಗ ಎಳೆದವರು ಕಾರಣ ಹೇಳಬೇಕು. ನೀವು ತಕ್ಷಣ ತೀರ್ಪು ಕೊಡಬೇಡಿ. ಇದು ಕಷ್ಟ, ನನಗಂತೂ ಬಾಯಿ ಕಟ್ಟಿಕೊಂಡು ನಿಲ್ಲುವುದು ಈಗಲೂ ಕಷ್ಟ.

ಒಮ್ಮೆ ಒಂದು ಗುಂಪು 'ಇರುವೆ ಕಾಫಿ ಗಿಡವನ್ನು ಕಾಪಾಡುತ್ತದೆ' ಎಂದು ದಾರ ಕಟ್ಟಿತು. ಹುಳ ತಿನ್ನುತ್ತದಲ್ವಾ ಎಂಬುದು ಅವರ ವಾದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದಳು. ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿ. ಜೂನ್‌ನಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಕೆಂಪು ಚೀಟಿ ಅಂಟಿಸಿ, 'ಮಿಸ್, ಇರುವೆ ಹತ್ತಿದ ಗಿಡದಲ್ಲೇ ತಿಗಣೆ ಜಾಸ್ತಿ. ಅಮ್ಮ ಹೇಳ್ತಾರೆ' ಎಂದಳು. ಅವಳು ಹೇಳಿದ್ದು ನಿಜ. ಹಸಿರು ತಿಗಣೆ ಎಂಬ ಪುಟ್ಟ ಕೀಟ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆಗಳು ಅದನ್ನು ನೆಕ್ಕಲು ಬರುತ್ತವೆ, ತಿಗಣೆಯನ್ನು ತಿನ್ನಲು ಬರುವ ಹುಳಗಳನ್ನು ಓಡಿಸುತ್ತವೆ. ಆ ದಿನ ದಾರ ಬಿಚ್ಚಿ, 'ಇರುವೆ ತಿಗಣೆಯನ್ನು ಕಾಯುತ್ತದೆ' ಎಂದು ಬೇರೆ ಕಡೆ ಕಟ್ಟಿದೆವು. ಕಟ್ಟಿದವಳು ಅವಳೇ. ಅವಳ ಅಮ್ಮ ತೋಟದಲ್ಲಿ ಕಂಡದ್ದು ಆವತ್ತು ಪಾಠವಾಯಿತು.

ಒಂದು ಚುಕ್ಕಿ ಕಿತ್ತು ನೋಡಿ

ಗೋಡೆ ತುಂಬಿದ ಮೇಲೆ ಲೆಕ್ಕ. ಯಾವ ಚುಕ್ಕಿಗೆ ಎಷ್ಟು ದಾರ ಬಂದಿದೆ ಎಂದು ಎಣಿಸಲಿ. ಆಮೇಲೆ ಒಂದು ಚೀಟಿಯನ್ನು ಕಿತ್ತುಬಿಡಿ. ನಾವು ಜೇನನ್ನು ಕಿತ್ತೆವು. ಎಷ್ಟೋ ದಾರ ಜೋತುಬಿದ್ದವು. ಅರೇಬಿಕಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಹಾಗಾದರೆ ಜೇನಿಲ್ಲದಿದ್ದರೆ ರೊಬಸ್ಟಾ ಬೆಳೆ ಪೂರ್ತಿ ಹೋಯಿತೇ? 'ಇಲ್ಲ, ಗಾಳಿಯ ದಾರ ಇನ್ನೂ ಇದೆ' ಎಂದ ಒಬ್ಬ. ಗಾಳಿಯೂ ಪರಾಗ ಒಯ್ಯುತ್ತದೆ, ಸರಿಯಾದ ಮಾತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನು ಗೂಡುಗಟ್ಟಲೆ ಸತ್ತ ಸಂಗತಿಯನ್ನು ನಾನು ಹೇಳಿದ್ದು ಆಗಲೇ. ಜೋತುಬಿದ್ದ ದಾರ ಕಣ್ಣ ಮುಂದೆ ಇದ್ದುದರಿಂದ ಮಕ್ಕಳಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಒಂದು ಎಚ್ಚರ. ಜಾಸ್ತಿ ದಾರ ಇರುವ ಚುಕ್ಕಿಯೇ ಮುಖ್ಯ ಎಂದು ಹೇಳಿಬಿಡಬೇಡಿ. ಮಕ್ಕಳಿಗೆ ಯಾವುದು ಚೆನ್ನಾಗಿ ಗೊತ್ತೋ ಅದಕ್ಕೇ ದಾರ ಜಾಸ್ತಿ ಬರುತ್ತದೆ. ನಮ್ಮ ಗೋಡೆಯಲ್ಲಿ ಆನೆಗೆ ಹತ್ತು ದಾರ, ಮಣ್ಣಿಗೆ ಎರಡೇ! ಆ ಖಾಲಿ ಜಾಗವೇ ಮುಂದಿನ ಪಾಠ.

ಕಂಪ್ಯೂಟರಿಗೆ ಹಾಕುವುದು

ಗೂಗಲ್ ಶೀಟ್ ತೆರೆದು ಮೂರು ಕಾಲಂ ಮಾಡಿ: ಎಲ್ಲಿಂದ, ಎಲ್ಲಿಗೆ, ಕ್ರಿಯಾಪದ. ಒಂದು ದಾರಕ್ಕೆ ಒಂದು ಸಾಲು. ಎಲ್ಲ ಗುಂಪುಗಳೂ ಒಂದೇ ಶೀಟಿನಲ್ಲಿ ಒಟ್ಟಿಗೆ ಟೈಪ್ ಮಾಡಬಹುದು. ಈ ಪಟ್ಟಿಯನ್ನು ಗೆಫಿ ಅಥವಾ ಕುಮು ಎಂಬ ಜಾಲಚಿತ್ರ ಬಿಡಿಸುವ ತಂತ್ರಾಂಶಕ್ಕೆ ಹಾಕಿದರೆ ಚಿತ್ರ ತಾನೇ ಮೂಡುತ್ತದೆ. ಗೆಫಿ ಉಚಿತ, ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ಅದಕ್ಕೆ ಮೊದಲೆರಡು ಕಾಲಂಗಳ ಹೆಸರು ಸೋರ್ಸ್, ಟಾರ್ಗೆಟ್ ಎಂದು ಇಂಗ್ಲಿಷಿನಲ್ಲಿರಬೇಕು. ಕುಮು ಬ್ರೌಸರಿನಲ್ಲೇ ನಡೆಯುತ್ತದೆ. ಅದರ ಉಚಿತ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು, ಹಾಗಾಗಿ ಮಕ್ಕಳ ಹೆಸರು ಹಾಕಬೇಡಿ. 'ಜೇನು' ಎಂದೊಮ್ಮೆ, 'ಜೇನುಹುಳ' ಎಂದೊಮ್ಮೆ ಬರೆದರೆ ಎರಡು ಚುಕ್ಕಿ ಆಗುತ್ತವೆ. ಹೆಸರುಗಳನ್ನು ಒಬ್ಬರು ಕೂತು ಸರಿನೋಡಲಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ದಿನ ಇದೇ ಮೂರು ಕಾಲಂ ನೋಟ್‌ಬುಕ್ಕಿನಲ್ಲಿ ಬರೆಸಿ.

ಇದನ್ನು ಮಾತ್ರ ಮಾಡಬೇಡಿ

'ಕ್ಲಾಸಿನಲ್ಲಿ ಯಾರಿಗೆ ಯಾರು ಫ್ರೆಂಡ್' ಎಂಬ ಜಾಲವನ್ನು ಗೋಡೆಗೆ ಹಾಕಬೇಡಿ. 1930ರ ದಶಕದಲ್ಲಿ ಜೇಕಬ್ ಮೊರೆನೊ ಎಂಬ ಮನೋವೈದ್ಯರು ಶಾಲಾ ಮಕ್ಕಳ ನಡುವಿನ ಸಂಬಂಧಗಳನ್ನು ಹೀಗೇ ಚುಕ್ಕಿ ಗೆರೆಗಳಲ್ಲಿ ಬರೆದಿದ್ದರು. ಅದು ಸಂಶೋಧನೆ. ನಮ್ಮ ಗೋಡೆಯ ಮೇಲೆ ಒಂದೂ ದಾರವಿಲ್ಲದ ಚುಕ್ಕಿಯಲ್ಲಿ ತನ್ನ ಹೆಸರು ಕಂಡ ಮಗು ಮರುದಿನ ಶಾಲೆಗೆ ಹೇಗೆ ಬರಬೇಕು?

ಅಂಕ ಕೊಡಲೇಬೇಕಾದರೆ ದಾರ ಎಣಿಸಿ ಕೊಡಬೇಡಿ. ಯಾವುದಾದರೂ ಎರಡು ದೂರದ ಚುಕ್ಕಿ ತೋರಿಸಿ, ಒಂದರಿಂದ ಇನ್ನೊಂದಕ್ಕೆ ದಾರ ಹಿಡಿದು ಹೋಗುತ್ತಾ ನಾಲ್ಕು ವಾಕ್ಯ ಬರೆಯಲು ಹೇಳಿ. ಮೊದಲ ದಿನದ ಮತ್ತು ಕೊನೆಯ ದಿನದ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ನಾವು ಇದನ್ನು ಮಾಡುವುದು ಜನವರಿಯಲ್ಲಿ. ಕೊನೆಗೂ ಇತ್ಯರ್ಥ ಆಗದ ಐದಾರು ಕೆಂಪು ಚೀಟಿ ಗೋಡೆಯಲ್ಲೇ ಉಳಿಯುತ್ತವೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಹೂ ನಿಲ್ಲುವುದು ಎರಡು ಮೂರು ದಿನ ಮಾತ್ರ. ಆ ಕಡೆ ಆನೆ ಇದೆಯಾ ಎಂದು ತೋಟದವರನ್ನು ವಿಚಾರಿಸಿಕೊಂಡು, ಚೀಟಿಗಳನ್ನು ಕೈಯಲ್ಲಿ ಹಿಡಿದು ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಗಿಡದ ಮುಂದೆ ಹತ್ತು ನಿಮಿಷ ನಿಂತು, ಹೂವಿಗೆ ಯಾರ್ಯಾರು ಬಂದರು ಎಂದು ಬರೆದುಕೊಳ್ಳಲಿ.