ಮಂಡಿ ಕಂಪ್ಯೂಟರ್‌ಗೆ ವೈರಸ್ ಬಾರದ ಹಾಗೆ ನಾನು ಮಾಡಿಕೊಂಡ ಏರ್ಪಾಡು

ಶಿವಮೊಗ್ಗ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಓದಿದ್ದು ಬಿಕಾಂ, ಕಂಪ್ಯೂಟರ್ ಅಲ್ಲ. ಆದರೆ ಮಂಡಿಯಲ್ಲಿ ಯಾವ ಯಂತ್ರ ನಿಂತರೂ ಮೊದಲು ಕೂಗುವುದು ನನ್ನನ್ನೇ. ಹಾಗಾಗಿ ಅವುಗಳನ್ನು ಕಾಯುವ ಕೆಲಸವೂ ನನ್ನ ತಲೆಗೇ ಬಂತು.

ನಮ್ಮಲ್ಲಿರುವುದು ನಾಲ್ಕು ಕಂಪ್ಯೂಟರ್. ಒಂದರಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿ. ಒಂದರಲ್ಲಿ ರೈತರಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ ಹೊಡೆಯುತ್ತೇವೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವುದು ಅದಕ್ಕೇ. ಇನ್ನೊಂದು ಯಜಮಾನರ ಟೇಬಲ್ಲಿನದು. ಬ್ಯಾಂಕು, ಜಿಎಸ್‌ಟಿ ಎಲ್ಲ ಅದರಲ್ಲಿ. ನಾಲ್ಕನೆಯದು ಕೌಂಟರಿನದು, ಅಂದರೆ ಊರವರದ್ದು. ಯಾರ ರಾಶಿ ಅಡಿಕೆ ಎಷ್ಟು ಕ್ವಿಂಟಲ್ ಬಂತು, ಬೆಟ್ಟೆ ಅಡಿಕೆ ಯಾವ ದರಕ್ಕೆ ಹೋಯಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ, ಎಲ್ಲವೂ ಇವುಗಳೊಳಗೆ. ಕಂಪ್ಯೂಟರ್ ಸುಟ್ಟರೆ ನೆಹರು ರಸ್ತೆಗೆ ಹೋಗಿ ಇನ್ನೊಂದು ತರಬಹುದು. ಲೆಕ್ಕವೇ ಹೋದರೆ ತೀರ್ಥಹಳ್ಳಿ ಕಡೆಯಿಂದ ಬಸ್ ಹತ್ತಿ ಬಂದ ರೈತರಿಗೆ ಏನಂತ ಹೇಳುವುದು?

ಪಕ್ಕದ ಮಂಡಿಯವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ, ‘ಯಾವ ಆಂಟಿವೈರಸ್ ಹಾಕಿದ್ದೀರಿ?’ ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆ ಇದೆ. ಯಾವ ಕಂಪ್ಯೂಟರ್‌ನಲ್ಲಿ ಏನೇನು ಮಾಡಬಾರದು ಅಂತ ಗೊತ್ತುಮಾಡಿದ್ದೀರಾ? ನಾನು ಶುರು ಮಾಡಿದ್ದು ಅಲ್ಲಿಂದ. ಟ್ಯಾಲಿ ಕಂಪ್ಯೂಟರ್‌ನಲ್ಲಿ ಮೇಲ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ, ಯೂಟ್ಯೂಬ್ ಇಲ್ಲ. ಯಜಮಾನರ ಕಂಪ್ಯೂಟರ್‌ನಲ್ಲಿ ಬ್ಯಾಂಕು ಮತ್ತು ಸರ್ಕಾರಿ ಸೈಟುಗಳು ಮಾತ್ರ. ಉಳಿದ ಏನೇ ಇದ್ದರೂ ಕೌಂಟರಿನದ್ದರಲ್ಲಿ. ಅದರಲ್ಲಿ ಕಳೆದುಕೊಳ್ಳುವಂಥದ್ದು ಏನನ್ನೂ ಇಟ್ಟಿಲ್ಲ.

ನಮ್ಮಂಥ ಕಡೆ ವೈರಸ್ಸಿನ ದೊಡ್ಡ ಸವಾರಿ ಪೆನ್‌ಡ್ರೈವ್. ಲೆಟರ್‌ಹೆಡ್ ಮಾಡಿಸಲು ಡಿಟಿಪಿ ಅಂಗಡಿಗೆ ಹೋಗಿ ಬರುತ್ತದೆ, ಆಡಿಟರ್ ಆಫೀಸಿಗೆ ಹೋಗಿ ಬರುತ್ತದೆ. ಒಮ್ಮೆ ಹಾಗೆ ಹೋಗಿ ಬಂದದ್ದನ್ನು ಕೌಂಟರಿನ ಹುಡುಗ ತಂದು, ‘ಅಣ್ಣಾ, ಎಲ್ಲ ಸರಿ ಇದೆ, ಆದ್ರೆ ಐಕಾನ್ ಯಾಕೋ ಬೇರೆ ಥರ ಕಾಣ್ತಿದೆ’ ಅಂದ. ನೋಡಿದೆ. ಫೋಲ್ಡರಿನ ಹೆಸರೆಲ್ಲ ನಮ್ಮದೇ. ಆದರೆ ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣ. ಒಂದೊಂದರ ಗಾತ್ರ ಒಂದೆರಡು ಕೆಬಿ. ಅವು ಫೋಲ್ಡರುಗಳೇ ಅಲ್ಲ, ಶಾರ್ಟ್‌ಕಟ್‌ಗಳು. ನಿಜವಾದ ಫೋಲ್ಡರುಗಳನ್ನು ವೈರಸ್ ಅಡಗಿಸಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿತ್ತು. ಇದರ ಚಾಲಾಕಿತನ ನೋಡಿ: ಶಾರ್ಟ್‌ಕಟ್ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಕೆಲಸ ನಡೆದೇ ಹೋಗುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಆಮೇಲೆ ಆ ಕಂಪ್ಯೂಟರ್‌ಗೆ ಹಾಕಿದ ಪ್ರತಿ ಪೆನ್‌ಡ್ರೈವಿಗೂ ಅದು ಹತ್ತುತ್ತದೆ.

ಇಂಥದ್ದು ಸಿಕ್ಕಿದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಫೈಲುಗಳು ಒಳಗೇ ಇರುತ್ತವೆ. ಮೊದಲು ಡ್ರೈವನ್ನು ಸ್ಕ್ಯಾನ್ ಮಾಡಿಸಿ ವೈರಸ್ ತೆಗೆಸಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸುವಂತೆ ಮಾಡಿ. ಅಲ್ಲೇ ಕೆಳಗೆ ಸಿಸ್ಟಂ ಫೈಲುಗಳನ್ನು ಅಡಗಿಸುವ ಇನ್ನೊಂದು ಟಿಕ್ ಇರುತ್ತದೆ. ಅದನ್ನೂ ತೆಗೆದರೆ ಮಾತ್ರ ನಿಜವಾದ ಫೋಲ್ಡರು ಕಾಣುತ್ತದೆ. ಬೇಕಾದ್ದನ್ನು ನಕಲು ಮಾಡಿಕೊಂಡ ಮೇಲೆ ಆ ಟಿಕ್ ವಾಪಸ್ ಹಾಕಿಬಿಡಿ. ಫೈಲಿನ ಕೊನೆಯ ಅಕ್ಷರಗಳನ್ನು, ಅಂದರೆ ಎಕ್ಸ್‌ಟೆನ್ಷನ್ ತೋರಿಸುವ ಟಿಕ್ಕನ್ನು ಮಾತ್ರ ನಾಲ್ಕೂ ಕಂಪ್ಯೂಟರ್‌ನಲ್ಲಿ ಕಾಯಂ ಇಟ್ಟಿದ್ದೇನೆ. ‘ನೋಟಿಸ್ ಪಿಡಿಎಫ್’ ಅಂತ ಕಾಣುವ ಫೈಲಿನ ಬಾಲದಲ್ಲಿ ‘ಡಾಟ್ ಇಎಕ್ಸ್‌ಇ’ ಇದ್ದರೆ ಅದು ಕಾಗದವಲ್ಲ, ಓಡುವ ಪ್ರೋಗ್ರಾಂ ಅಂತ ಹುಡುಗನಿಗೂ ಗೊತ್ತಾಗುತ್ತದೆ. ಈಗ ಹೊರಗಿನ ಪೆನ್‌ಡ್ರೈವ್ ಬಂದರೆ ಕೌಂಟರಿನ ಕಂಪ್ಯೂಟರ್‌ಗೆ ಮಾತ್ರ. ಟ್ಯಾಲಿಗೆ ಹಾಕುವುದಕ್ಕೆ ಬೇರೆ ಒಂದಿದೆ, ಅದು ಮಂಡಿ ಬಿಟ್ಟು ಹೊರಗೆ ಹೋಗುವುದಿಲ್ಲ.

ಜಾಸ್ತಿ ಜಗಳ ಆಗಿದ್ದು ಅಡ್ಮಿನ್ ಅಕೌಂಟ್ ವಿಷಯಕ್ಕೆ. ಮೊದಲು ಎಲ್ಲರೂ ಅಡ್ಮಿನ್ ಆಗಿಯೇ ಕೂರುತ್ತಿದ್ದರು. ಅಂದರೆ ಅವರ ಕೈಯಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ಇಡೀ ಕಂಪ್ಯೂಟರಿನ ಮೇಲೆ ಅಧಿಕಾರ. ನಾನು ಪ್ರತಿಯೊಬ್ಬರಿಗೂ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಒಂದು ಲಕೋಟೆಯಲ್ಲಿ ಬರೆದು ಯಜಮಾನರ ತಿಜೋರಿಗೆ ಹಾಕಿಸಿದೆ. ‘ಪ್ರಿಂಟರ್ ಹಾಕೋಕೂ ನಿಮ್ಮನ್ನೇ ಕೇಳ್ಬೇಕಾ ಅಣ್ಣಾ?’ ಅಂತ ಹುಡುಗ ಮುಖ ಊದಿಸಿಕೊಂಡ. ಯಜಮಾನರೂ ಒಂದಿಷ್ಟು ಗೊಣಗಿದರು. ಆದರೆ ಖರ್ಚಿಲ್ಲದೆ ಆಗುವ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಏನನ್ನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಅಲ್ಲೇ ಅರ್ಧ ರಗಳೆ ನಿಲ್ಲುತ್ತದೆ.

ಕ್ರ್ಯಾಕ್ ಸಾಫ್ಟ್‌ವೇರ್, ಅಂದರೆ ದುಡ್ಡು ಕೊಡದೆ ಲೈಸೆನ್ಸ್ ಮುರಿದು ಹಾಕಿದ್ದು, ಅದರ ಬಗ್ಗೆ ನನ್ನ ಮಾತು ಸ್ವಲ್ಪ ಖಾರ. ಹಣ ಉಳಿಸಲು ಹಾಕಿಸಿಕೊಳ್ಳುತ್ತಾರೆ. ಹಾಕಿಕೊಡುವವನು ಮೊದಲು ಹೇಳುವುದೇ ‘ಆಂಟಿವೈರಸ್ ಆಫ್ ಮಾಡಿ’ ಅಂತ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆಗೆದಂತೆ ಆಯಿತಲ್ವಾ? ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಬಾಚಿಕೊಂಡು ಹೋಗುವ ಸ್ಪೈವೇರ್ ಎಷ್ಟೋ ಸಲ ಬರುವುದು ಇಂಥ ಕ್ರ್ಯಾಕ್ ಜೊತೆಗೇ. ಅದು ಏನೂ ಸದ್ದು ಮಾಡುವುದಿಲ್ಲ, ಕಂಪ್ಯೂಟರ್ ನಿಧಾನ ಕೂಡ ಆಗದಿರಬಹುದು. ಅದಕ್ಕೇ ಬ್ಯಾಂಕಿನ ಪಾಸ್‌ವರ್ಡ್ ಬ್ರೌಸರಿನಲ್ಲಿ ಉಳಿಸಿಲ್ಲ. ಪೆನ್‌ಡ್ರೈವಿನ ಹಾಗಿರುವ ಯಜಮಾನರ ಡಿಜಿಟಲ್ ಸಹಿಯ ಟೋಕನ್ನೂ ಕೆಲಸ ಮುಗಿದ ತಕ್ಷಣ ಕಿತ್ತು ಡ್ರಾಯರಿಗೆ ಹೋಗುತ್ತದೆ.

ಇನ್ನು ಆಂಟಿವೈರಸ್. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ, ನಮಗೆ ಅದೇ ಸಾಕು. ದುಡ್ಡು ಕೊಟ್ಟು ಬೇರೆ ಹಾಕಿಸಿಕೊಂಡರೂ ತಪ್ಪಿಲ್ಲ, ಆದರೆ ಎರಡೆರಡು ಬೇಡ. ಅವಧಿ ಮುಗಿದದ್ದನ್ನು ಸುಮ್ನೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಏನೋ ಇದೆ ಅನ್ನುವ ಧೈರ್ಯ ಮಾತ್ರ ಉಳಿಯುತ್ತದೆ. ಡಿಫೆಂಡರ್‌ನಲ್ಲಿ ಬಹಳ ಜನ ನೋಡದ ಒಂದು ಜಾಗ ಇದೆ, ರಾನ್ಸಮ್‌ವೇರ್ ಪ್ರೊಟೆಕ್ಷನ್. ರಾನ್ಸಮ್‌ವೇರ್ ಅಂದರೆ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್. ಅದರೊಳಗೆ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಇರುತ್ತದೆ, ತಾನಾಗಿ ಆನ್ ಆಗಿರುವುದಿಲ್ಲ. ಅದನ್ನು ಆನ್ ಮಾಡಿ ಟ್ಯಾಲಿಯ ಡೇಟಾ ಫೋಲ್ಡರನ್ನು ಸೇರಿಸಿದರೆ, ಪರಿಚಯವಿಲ್ಲದ ಪ್ರೋಗ್ರಾಂ ಅಲ್ಲಿ ಕೈಯಾಡಿಸಲು ಬಿಡುವುದಿಲ್ಲ. ಕೆಲವು ಸಲ ನಮ್ಮದೇ ಸಾಫ್ಟ್‌ವೇರನ್ನೂ ತಡೆದುಬಿಡುತ್ತದೆ. ಆಗ ಅದಕ್ಕೆ ಅನುಮತಿ ಕೊಟ್ಟರೆ ಆಯಿತು. ಏನಾದರೂ ಒಳಗೆ ಸೇರಿದೆ ಅನ್ನಿಸಿದರೆ ಆಫ್‌ಲೈನ್ ಸ್ಕ್ಯಾನ್ ಕೊಡುತ್ತೇನೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮುಂಚೆಯೇ ಹುಡುಕುತ್ತದೆ. ಸುಮಾರು 15 ನಿಮಿಷ, ಒಂದು ಚಹಾ ಕುಡಿದು ಬರುವಷ್ಟು ಹೊತ್ತು.

‘ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಪರದೆ ತುಂಬ ಬಂದರೆ ಅದು ಬಹುತೇಕ ವೈರಸ್ಸೇ ಅಲ್ಲ, ಯಾವುದೋ ಸೈಟಿನ ಪುಟ. ಬ್ರೌಸರ್ ಮುಚ್ಚಿ. ಮೂಲೆಯಲ್ಲಿ ಪದೇ ಪದೇ ಬರುತ್ತಿದ್ದರೆ ಯಾರೋ ನೋಟಿಫಿಕೇಶನ್‌ಗೆ ‘ಅಲೋ’ ಒತ್ತಿರುತ್ತಾರೆ. ಬ್ರೌಸರ್ ಸೆಟ್ಟಿಂಗಿಗೆ ಹೋಗಿ ತೆಗೆಯಿರಿ. ಆ ನಂಬರಿಗೆ ಫೋನ್ ಮಾಡಿ, ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸಿಕೊಂಡರೆ ಮಾತ್ರ ನಿಜವಾದ ಕಾಟ ಶುರುವಾಗುತ್ತದೆ.

ಪಟ್ಟಿ ಹೊಡೆಯುವ ಕಂಪ್ಯೂಟರ್ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, 2020ರ ಜನವರಿ 14ಕ್ಕೇ ಮುಗಿಯಿತು. ಹಳೇ ಪ್ರಿಂಟರ್ ಅದರಲ್ಲೇ ಚೆನ್ನಾಗಿ ಓಡುತ್ತದೆ, ಬಿಡಲು ಮನಸ್ಸಿಲ್ಲ. ಹಾಗಾಗಿ ನೆಟ್ ವೈರನ್ನೇ ಕಿತ್ತಿಟ್ಟೆ. 2017ರ ಮೇ 12ರಂದು ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಜಗತ್ತೆಲ್ಲ ಹರಡಿತಲ್ಲ, ಅದಕ್ಕೆ ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ವಿಂಡೋಸ್‌ನಲ್ಲಿ ಫೈಲು ಹಂಚಿಕೊಳ್ಳುವ ಹಳೇ ವ್ಯವಸ್ಥೆಯ ಒಂದು ತೂತಿನಿಂದ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹೋಯಿತು. ತೂತು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ಅಪ್‌ಡೇಟ್ ಬಂದಾಗ ‘ಆಮೇಲೆ’ ಅಂತ ಒತ್ತುವವರಿಗೆ ನಾನು ಈ ಕಥೆ ಹೇಳುತ್ತೇನೆ. ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮದು ಅದೇ ಆದರೆ ಏನಾದರೂ ದಾರಿ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ನನಗೆ ರಾತ್ರಿ ನಿದ್ದೆ ಬರುವುದು ಬ್ಯಾಕಪ್‌ನಿಂದ. ಎರಡು ಹೊರಗಿನ ಹಾರ್ಡ್ ಡಿಸ್ಕ್ ಇಟ್ಟಿದ್ದೇನೆ. ಸಂಜೆ ಬ್ಯಾಕಪ್ ತೆಗೆದ ತಕ್ಷಣ ವೈರ್ ಕೀಳುತ್ತೇನೆ. ಸಿಕ್ಕಿಸಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ಸೇರಿಸಿ ಬೀಗ ಹಾಕುತ್ತದೆ. ಒಂದು ಮಂಡಿಯ ತಿಜೋರಿಯಲ್ಲಿ, ಇನ್ನೊಂದು ಯಜಮಾನರ ಮನೆಯಲ್ಲಿ. ವಾರಕ್ಕೊಮ್ಮೆ ಅದಲುಬದಲು. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಗುಡುಗು ಸಿಡಿಲು ಹೇಗಿರುತ್ತದೆ ಅಂತ ನಿಮಗೂ ಗೊತ್ತು, ವೈರಸ್ಸಿಗಿಂತ ಮುಂಚೆ ಸಿಡಿಲೇ ಡಿಸ್ಕ್ ತಿನ್ನಬಹುದು. ಬ್ಯಾಕಪ್ ತೆಗೆದರಷ್ಟೇ ಸಾಲದು. ಆಗಾಗ ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿ, ಯಾರಾದರೂ ಒಬ್ಬ ರೈತರ ಖಾತೆ ತೆಗೆದು, ಮುದ್ರಿಸಿದ ಪಟ್ಟಿಯ ಜೊತೆ ತಾಳೆ ನೋಡುತ್ತೇನೆ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಎಷ್ಟು ಮಾಡಿದರೂ ಏನಾದರೂ ನುಗ್ಗಿತು ಅಂತಿಟ್ಟುಕೊಳ್ಳಿ. ಅದಕ್ಕೆ ಒಂದು ಚೀಟಿ ಬರೆದು ಕೌಂಟರಿನ ಗೋಡೆಗೆ ಅಂಟಿಸಿದ್ದೇನೆ. ಮೊದಲು ನೆಟ್ ವೈರ್ ಕೀಳು, ವೈಫೈ ಆಫ್ ಮಾಡು. ಬೇರೆ ಡ್ರೈವ್ ಹಾಕಬೇಡ. ಪಾಸ್‌ವರ್ಡ್ ಬದಲಾಯಿಸುವುದಿದ್ದರೆ ಬೇರೆ ಕಂಪ್ಯೂಟರಿನಿಂದ ಅಥವಾ ಫೋನಿನಿಂದ ಮಾಡು. ದುಡ್ಡು ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಫೋನ್ ಮಾಡು, ನಾನು ಬರುವವರೆಗೆ ಕಾಯಬೇಡ.

ಈಗ ಕೈಗೆ ತೆಗೆದುಕೊಂಡಿರುವುದು ಸಿಸಿಟಿವಿ ಡಿವಿಆರ್, ಅಂದರೆ ಕ್ಯಾಮೆರಾ ಕಂಡದ್ದನ್ನು ದಾಖಲಿಸುವ ಪೆಟ್ಟಿಗೆ. ಹಾಕಿಕೊಟ್ಟವರು ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟು ಹೋಗಿದ್ದರು. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹಿಡಿದದ್ದು ಇಂಥ ಪಾಸ್‌ವರ್ಡ್ ಇದ್ದ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನೇ. ಪಾಸ್‌ವರ್ಡ್ ಬದಲಾಯಿಸಿದ್ದಾಯಿತು, ರೌಟರಿನದ್ದೂ ಆಯಿತು. ಡಿವಿಆರನ್ನು ಲೆಕ್ಕದ ಕಂಪ್ಯೂಟರ್‌ಗಳ ನೆಟ್‌ವರ್ಕಿನಿಂದ ಬೇರೆ ಮಾಡುವುದು ಬಾಕಿ ಇದೆ. ಯಜಮಾನರು ಮನೆಯಲ್ಲಿ ಕೂತು ಫೋನಿನಲ್ಲಿ ಮಂಡಿ ನೋಡುವ ಸೌಕರ್ಯ ತಪ್ಪದ ಹಾಗೆ ಮಾಡಬೇಕು, ಇಲ್ಲದಿದ್ದರೆ ಅವರು ಒಪ್ಪುವುದಿಲ್ಲ.