ಅರ್ಧ ಬೆಲೆಯ ಜೀನು ಕೊಂಡ ಕಥೆ

ಕುದುರೆಯ ತಲೆಗೆ ಹಾಕುವ ಪಟ್ಟಿಗಳ ಸೆಟ್ಟಿಗೆ ಬ್ರೈಡಲ್ ಅನ್ನುತ್ತಾರೆ. ನನ್ನ ಮೊದಲ ಬ್ರೈಡಲ್ ಕೈಕೊಟ್ಟದ್ದು ಬೆಳಿಗ್ಗೆ ಆರೂವರೆಗೆ, ಕುದುರೆ ಓಡುತ್ತಿರುವಾಗ. ಎಡಗೈಯಲ್ಲಿ ಇದ್ದಕ್ಕಿದ್ದಂತೆ ಹಿಡಿತವೇ ಇಲ್ಲ. ಲಗಾಮನ್ನು ಬಾಯೊಳಗಿನ ಕಡಿವಾಣಕ್ಕೆ ಸೇರಿಸುವ ಬಕಲ್ ಎರಡು ತುಂಡಾಗಿತ್ತು. ಪುಣ್ಯಕ್ಕೆ ನನ್ನದು ರೇಸ್ ಬಿಟ್ಟು ಬಂದ ಹೆಣ್ಣು ಕುದುರೆ. ಜೀವನದಲ್ಲಿ ಓಡುವಷ್ಟು ಓಡಿಯಾಯ್ತು ಅನ್ನುವ ಸ್ವಭಾವದವಳು. ಬೇಲಿ ಹತ್ತಿರ ಹೋಗಿ ತಾನೇ ನಿಂತಳು.

ಆ ಸೆಟ್ಟನ್ನು ನಾನು ಆನ್‌ಲೈನ್‌ನಲ್ಲಿ ಶೇ 60 ರಿಯಾಯಿತಿಗೆ ಕೊಂಡಿದ್ದೆ. ಕಣ್ಣುಮುಚ್ಚಿ ಕೊಂಡಿದ್ದೆ ಅಂತ ಹೇಳಲಾರೆ. ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತ ಕಿತ್ತು ಬಕಲ್‌ಗೆ ಹಿಡಿದು ನೋಡಿದ್ದೆ. ಅಂಟಲಿಲ್ಲ. ಕಬ್ಬಿಣ ಅಲ್ಲ, ಹಾಗಾದರೆ ಹಿತ್ತಾಳೆಯೇ ಇರಬೇಕು ಅಂತ ಖುಷಿಪಟ್ಟಿದ್ದೆ. ನಮ್ಮ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಚಾಚಾ ಮುರಿದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಹಿತ್ತಾಳೆ ಅಲ್ಲಮ್ಮಾ, ಮಕ್ಕಳ ಆಟದ ಕಾರಿನ ಲೋಹ" ಅಂದರು. ಸರಿಯಾಗೇ ಹೇಳಿದ್ದರು. ಒಳಗೆಲ್ಲ ಬೂದು ಬಣ್ಣ, ಹರಳು ಹರಳು. ಸತುವಿನ ಮಿಶ್ರಲೋಹವನ್ನು ಅಚ್ಚಿನಲ್ಲಿ ಹೊಯ್ದು, ಮೇಲೆ ಹಿತ್ತಾಳೆ ಬಣ್ಣ ಕೊಟ್ಟಿದ್ದರು. ಅದಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಅತ್ತ ಕೆಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಚೆನ್ನಾಗಿಯೇ ಅಂಟುತ್ತದೆ. ಹಾಗಾಗಿ ನಾನು ಈಗ ಆಯಸ್ಕಾಂತ ನಂಬುವುದಿಲ್ಲ. ಅಂಚಿನಲ್ಲಿ ಅಚ್ಚಿನ ಗೆರೆ ಇದೆಯಾ, ಲೇಪನ ಎಲ್ಲಾದರೂ ಉಬ್ಬಿದೆಯಾ, ಗಾತ್ರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುತ್ತೇನೆ. ಕಡಿವಾಣವಾದರೆ ಮಧ್ಯದ ಕೀಲಿನ ಸಂದಿಯಲ್ಲಿ ಹೆಬ್ಬೆರಳು ಆಡಿಸುತ್ತೇನೆ. ನನ್ನ ಬೆರಳಿಗೆ ಚುಚ್ಚಿದ್ದು ಕುದುರೆಯ ನಾಲಿಗೆಗೆ ಚುಚ್ಚದೆ ಇರುತ್ತದೆಯೇ?

ಅವತ್ತಿನಿಂದ ಒಂದು ಹಟ ಹಿಡಿದೆ. ಬೆಲೆ ಯಾಕೆ ಇಳಿಸಿದ್ದಾರೆ ಅಂತ ನನಗೇ ಗೊತ್ತಾಗುವವರೆಗೆ ದುಡ್ಡು ಕೊಡುವುದಿಲ್ಲ. "ಸ್ಟಾಕ್ ಕ್ಲಿಯರೆನ್ಸ್ ಮೇಡಂ" ಅನ್ನುವುದು ಕಾರಣವಲ್ಲ. ಬಣ್ಣ ಹಳೇ ಫ್ಯಾಷನ್ನು, ಅಳತೆ ಯಾರಿಗೂ ಬೇಡದ್ದು, ತೊಗಲಿನ ಮೇಲೆ ಮುಳ್ಳು ಗೀರಿದ ಗುರುತು, ಇಂಥವು ಕಾರಣಗಳು. ಅವುಗಳಿಂದ ನನಗೇನೂ ನಷ್ಟವಿಲ್ಲ, ಲಾಭವೇ.

ಜೀನು ಕೊಳ್ಳುವ ಸಮಯ ಬಂದಾಗ ಅದೃಷ್ಟಕ್ಕೆ ಕೆಲಸದ ಮೇಲೆ ಕಾನ್ಪುರಕ್ಕೆ ಹೋಗುವುದಿತ್ತು. ಜೀನಿನ ವಿಷಯದಲ್ಲಿ ಆ ಊರಿಗೆ ದೊಡ್ಡ ಇತಿಹಾಸವಿದೆ. 1857ರ ನಂತರ ಬ್ರಿಟಿಷ್ ಸೈನ್ಯಕ್ಕೆ ಜೀನು, ಪಟ್ಟಿ ಮಾಡಿಕೊಡಲು ಅಲ್ಲಿ ಸರ್ಕಾರಿ ಕಾರ್ಖಾನೆ ಬೆಳೆಯಿತು. ಗಂಗೆಯ ದಡದ ಜಾಜ್‌ಮೌ ಇಂದಿಗೂ ತೊಗಲು ಹದ ಮಾಡುವವರ ಬಡಾವಣೆ. ಕಾನ್ಪುರದ ಜೀನಿಗೆ ನಮ್ಮ ಮೈಸೂರು ರೇಷ್ಮೆಯ ಹಾಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಕೂಡ ಇದೆ. ಅಲ್ಲಿಂದ ಯುರೋಪಿಗೆ ಹೋಗುವ ಮಾಲಿನಲ್ಲಿ ಸಣ್ಣ ಐಬು ಕಂಡಿದ್ದು ಇಲ್ಲೇ ಉಳಿಯುತ್ತದೆ. ಬೆಂಗಳೂರಿನವರಿಗೆ ಎಕ್ಸ್‌ಪೋರ್ಟ್ ರಿಜೆಕ್ಟ್ ಶರ್ಟು ಗೊತ್ತಲ್ವಾ, ಅದೇ ಲೆಕ್ಕ.

ಹೊರಡುವ ಮೊದಲು ಕುದುರೆಯ ಅಳತೆ ತೆಗೆದೆ. ಮನೆಗೆ ವೈರಿಂಗ್ ಮಾಡುವ ದಪ್ಪ ತಂತಿ ತಂದು, ಭುಜದ ಮೂಳೆಯಿಂದ ಎರಡು ಮೂರು ಬೆರಳು ಹಿಂದೆ, ಬೆನ್ನಿನ ಮೇಲೆ ಅಡ್ಡಲಾಗಿ ಒತ್ತಿ ಬಗ್ಗಿಸಿದೆ. ಅದೇ ಆಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿದೆ. ರೇಸ್ ಕುದುರೆಗಳಿಗೆ ಬೆನ್ನಿನ ದಿಣ್ಣೆ ಎತ್ತರ, ಪಕ್ಕ ಕಿರಿದು. ಎಲ್ಲರಿಗೂ ಆಗುವ ಜೀನು ಇವಳ ದಿಣ್ಣೆಯ ಮೇಲೇ ಕೂತುಬಿಡುತ್ತದೆ. ರೈಲಿನಲ್ಲಿ ಎದುರಿಗೆ ಕೂತಿದ್ದ ಅಜ್ಜಿ ರಟ್ಟು ನೋಡಿ ರವಿಕೆಯ ಪ್ಯಾಟರ್ನಾ ಅಂತ ಕೇಳಿದರು. ಹೆಚ್ಚುಕಡಿಮೆ ಹೌದು ಅಂದೆ.

ಅಂಗಡಿಯಲ್ಲಿ ರಿಜೆಕ್ಟ್ ಜೀನುಗಳು ಗೋಡೆಯುದ್ದಕ್ಕೂ ಇದ್ದವು. ಮೊದಲು ರಟ್ಟು ಹಿಡಿದೆ. ಹನ್ನೆರಡರಲ್ಲಿ ಎಂಟು ಅಲ್ಲೇ ಹೊರಬಿದ್ದವು. ಉಳಿದ ನಾಲ್ಕನ್ನು ಒಂದೊಂದಾಗಿ ತೊಡೆಗೆ ಆನಿಸಿದೆ. ಮುಂಭಾಗ ತೊಡೆಯ ಮೇಲೆ, ಹಿಂಭಾಗ ಎರಡೂ ಕೈಯಲ್ಲಿ. ನಿಧಾನವಾಗಿ ನನ್ನ ಕಡೆಗೆ ಎಳೆದೆ. ಜೀನಿನ ಒಳಗೆ ಟ್ರೀ ಅಂತ ಒಂದು ಚೌಕಟ್ಟು ಇರುತ್ತದೆ. ಒಳ್ಳೆಯದರಲ್ಲಿ ಸ್ವಲ್ಪ ಸ್ಪ್ರಿಂಗಿನಂತೆ ಬಾಗುತ್ತದೆ, ಬಿಟ್ಟರೆ ಸ್ವಸ್ಥಾನಕ್ಕೆ ಬರುತ್ತದೆ. ಮುರಿದದ್ದು ನಡುವೆ ಮಡಚಿಕೊಳ್ಳುತ್ತದೆ, ಇಲ್ಲವೇ ಕಿರುಗುಟ್ಟುತ್ತದೆ, ಕೂರುವ ಜಾಗದ ತೊಗಲು ಸುಕ್ಕಾಗುತ್ತದೆ. ನಾಲ್ಕರಲ್ಲಿ ಒಂದು ಹೀಗೆ ಕಿರ್ ಅಂದಿತು. ಅದೇ ಎಲ್ಲಕ್ಕಿಂತ ಚೆಂದ ಇದ್ದದ್ದು. ಮಾರುವವರು "ಹೊಸ ತೊಗಲು, ಸದ್ದು ಬರುತ್ತೆ" ಅಂದರು. ಇರಬಹುದು. ನಾನು ಕೆಳಗಿಟ್ಟೆ. ಬೇರೆ ಏನು ಹಾಳಾದರೂ ಬದಲಾಯಿಸಬಹುದು, ಟ್ರೀ ಮುರಿದರೆ ಜೀನು ಶೋಕೇಸಿಗೆ ಮಾತ್ರ.

ಆಮೇಲೆ ಮಗುಚಿ ಹಾಕಿದೆ. ಜೀನನ್ನು ಮೇಲಿನಿಂದ ನೋಡಿ ಕೊಳ್ಳುವುದು ಹಲಸಿನ ಹಣ್ಣನ್ನು ಸಿಪ್ಪೆ ನೋಡಿ ಕೊಂಡ ಹಾಗೆ. ಕೆಳಗಿನ ಎರಡು ದಿಂಬುಗಳು ಒಂದೇ ಸಮ ಇವೆಯಾ, ನಡುವಿನ ಕಾಲುವೆ ಉದ್ದಕ್ಕೂ ಮೂರು ಬೆರಳಷ್ಟು ಅಗಲ ಇದೆಯಾ ನೋಡಿದೆ. ಒಂದರಲ್ಲಿ ಹಿಂದೆ ಹೋಗುತ್ತಾ ಕಾಲುವೆ ಕಿರಿದಾಗಿತ್ತು. ಅದು ಬೆನ್ನುಮೂಳೆಯನ್ನೇ ಹಿಸುಕುತ್ತದೆ. ಅಂಗೈಯಿಂದ ಒತ್ತಿದರೆ ಒಳಗಿನ ಉಣ್ಣೆ ಗಂಟುಗಂಟಾಗಿ ಸಿಗಬಾರದು.

ಹೆಚ್ಚು ಹೊತ್ತು ಕಳೆದದ್ದು ಪಟ್ಟಿಗಳ ಮೇಲೆ. ಹೊಟ್ಟೆಯ ಕೆಳಗೆ ಬಿಗಿಯುವ ಗರ್ತ್ ಕಟ್ಟಲು ಒಂದೊಂದು ಕಡೆ ಮೂರು ಪಟ್ಟಿ, ಕಾಲಿಡುವ ಸ್ಟಿರಪ್ ನೇತುಹಾಕಲು ಒಂದೊಂದು ಪಟ್ಟಿ. ನನ್ನ ಪ್ರಾಣ ಇರುವುದು ಇವುಗಳಲ್ಲೇ. ನುಣುಪು ಮೈ ಹೊರಗೆ ಬರುವಂತೆ ಪಟ್ಟಿಯನ್ನು ಮಡಚಿದೆ. ಸಣ್ಣ ಗೆರೆ ಮೂಡಿ ಮಾಯವಾದರೆ ಚಿಂತೆಯಿಲ್ಲ, ಬಿರುಕು ನಿಂತರೆ ಬೇಡ. ನುಣುಪು ಮೈ ಒಳಗೆ ಬರುವಂತೆ ಮಡಚಿದಾಗ ಮೇಲಿನ ಪದರ ಹಪ್ಪಳದಂತೆ ಬೇರೆಯಾಗಿ ಉಬ್ಬಿದರೆ ಅದು ಹೊಟ್ಟೆಯ ಭಾಗದ ಸಡಿಲ ತೊಗಲು, ಎಳೆದಷ್ಟೂ ಉದ್ದವಾಗುತ್ತದೆ. ಒಳಮೈ ಬಿಗಿಯಾಗಿರಬೇಕು, ಹತ್ತಿಯಂತೆ ಎದ್ದಿರಬಾರದು. ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿದೆ. ಸ್ವಲ್ಪ ಬಣ್ಣ ಬಂದರೆ ಪರವಾಗಿಲ್ಲ. ಕಾಫಿ ಡಿಕಾಕ್ಷನ್‌ನಂತೆ ಇಳಿದರೆ ನನ್ನ ಬಿಳಿ ಪ್ಯಾಂಟಿನ ಗತಿ?

ಹೊಲಿಗೆ ಒತ್ತೊತ್ತಾಗಿದ್ದಷ್ಟೂ ಗಟ್ಟಿ ಅಂತ ನಾನೂ ಅಂದುಕೊಂಡಿದ್ದೆ. ಊರಿನಲ್ಲಿ ಒಮ್ಮೆ ಪಟ್ಟಿ ರಿಪೇರಿಗೆ ಕೊಟ್ಟಾಗ ಪಾಪ, ಆ ಮನುಷ್ಯ ನಂಬಿಕೆಯಿಂದ ಅಷ್ಟು ಹತ್ತಿರ ಹತ್ತಿರ ಹೊಲಿದುಕೊಟ್ಟ. ತೂತುಗಳ ಸಾಲೇ ಹರಿಯುವ ದಾರಿಯಾಯಿತು, ಅಂಚೆಚೀಟಿ ಕಿತ್ತ ಹಾಗೆ. ಇಂಚಿಗೆ ಎಂಟು ಹತ್ತು ಹೊಲಿಗೆ ಧಾರಾಳ.

ಕೊನೆಗೆ ಉಳಿದದ್ದು ಕಂದು ಬಣ್ಣದ್ದೊಂದು, ಹದಿನೇಳು ಇಂಚಿನದು. ಬೆಲೆ ಯಾಕೆ ಕಡಿಮೆ? ಸವಾರನ ಕಾಲಿನಡಿ ಬರುವ ಫ್ಲ್ಯಾಪ್ ಎಡಗಡೆಯದು ಬಲಗಡೆಯದಕ್ಕಿಂತ ಒಂದು ಛಾಯೆ ತಿಳಿ, ಮೇಲೆ ಉಣ್ಣೆ ಹುಳ ಕಚ್ಚಿದ ಚುಕ್ಕೆಗಳು. ಬದುಕಿದ್ದಾಗ ಆ ದನಕ್ಕೂ ಒಂದು ಕಷ್ಟ ಇತ್ತು ಅನ್ನುವುದಕ್ಕೆ ಗುರುತು, ಅಷ್ಟೇ. ಹದಿನಾಲ್ಕು ಸಾವಿರಕ್ಕೆ ಕೊಂಡೆ. ಅದರ ಜೊತೆ ಪುಕ್ಕಟೆ ಕೊಟ್ಟ ಸ್ಟಿರಪ್ ಪಟ್ಟಿಗಳನ್ನು ವಾಪಸ್ ಕೊಟ್ಟು, ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಬೇರೆ ತಗೊಂಡೆ. ಅಲ್ಲಿ ಮಾತ್ರ ಜಿಪುಣತನ ಬೇಡ ಅನ್ನಿಸಿತು.

ಮನೆಗೆ ತಂದ ಮೇಲೆ ಚಾಚಾ ಕೊಬ್ಬರಿ ಎಣ್ಣೆ ಹಿಡಿದು ಬಂದರು. ಬೇಡ ಅಂದೆ. ಎಣ್ಣೆ ಜಾಸ್ತಿ ಕುಡಿದ ತೊಗಲು ಮೆತ್ತಗಾಗಿ ಸೋಲುತ್ತದೆ. ಬಳಸಿದ ಜೀನು ಮಾರುವವರು ಬಿರುಕು ಮುಚ್ಚಲು ಮಾಡುವ ಉಪಾಯವೂ ಇದೇ. ಕಪ್ಪಗೆ, ಅಂಟಂಟಾಗಿ ಇರುವುದನ್ನು ಕಂಡರೆ ನಾನು ದೂರ. ಸವಾರಿಯಾದ ಮೇಲೆ ಒದ್ದೆ ಬಟ್ಟೆ, ವಾರಕ್ಕೊಮ್ಮೆ ಗ್ಲಿಸರಿನ್ ಸೋಪು, ಮಳೆಗಾಲದಲ್ಲಿ ಬೂಷ್ಟು ಬಾರದಂತೆ ಗಾಳಿಯಾಡುವ ಜಾಗ. ಸ್ಟಿರಪ್ ಪಟ್ಟಿಗಳನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡುತ್ತೇನೆ. ಹತ್ತುವುದು ಯಾವಾಗಲೂ ಎಡಗಡೆಯಿಂದ ತಾನೇ, ಆ ಕಡೆಯದೇ ಹೆಚ್ಚು ಎಳೆಯುತ್ತದೆ.

ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಈಚೆಗೆ ಜೀನು ಬಿಚ್ಚಿದಾಗ ಬೆನ್ನಿನ ಎರಡೂ ಕಡೆ, ಬೆವರಿನ ನಡುವೆ, ಅಂಗೈಯಗಲ ಒಣ ಜಾಗ ಕಾಣತೊಡಗಿತು. ಅಲ್ಲಿ ಒತ್ತುತ್ತಿರಬೇಕು. ಜೀನಿನದೇನೂ ತಪ್ಪಿಲ್ಲ. ರೇಸ್ ಬಿಟ್ಟ ಮೇಲೆ ನಮ್ಮವಳು ಹುರುಳಿ, ಹುಲ್ಲು ತಿಂದು ಮೈತುಂಬಿಕೊಂಡಿದ್ದಾಳೆ. ಕಳೆದ ಭಾನುವಾರ ಮತ್ತೆ ತಂತಿ ಬಗ್ಗಿಸಿದೆ. ಹಳೆಯ ರಟ್ಟಿಗಿಂತ ಎರಡೂ ಕಡೆ ಒಂದೊಂದು ಬೆರಳು ಹೆಚ್ಚು.