ಮೂರು ಬಣ್ಣದ ಪೆನ್ಸಿಲ್ ಹಿಡಿದು ಸಂವಿಧಾನ ಓದುವುದು ಹೇಗೆ

"ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿ ಮಾಡುತ್ತದೆ, ನ್ಯಾಯಾಂಗ ತೀರ್ಪು ಕೊಡುತ್ತದೆ." ನನ್ನ ಹೈಸ್ಕೂಲ್ ಮಕ್ಕಳು ಇದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ಯಾರನ್ನು ಯಾರು ತಡೆಯುತ್ತಾರೆ ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ನಾನು ಅವರಿಗೆ ಮೂರು ಪೆನ್ಸಿಲ್ ಕೊಡುತ್ತೇನೆ. ಸದನಕ್ಕೆ ಹಸಿರು, ಸರ್ಕಾರಕ್ಕೆ ಕೆಂಪು, ಕೋರ್ಟಿಗೆ ನೀಲಿ.

ಸಂವಿಧಾನದ ಕನ್ನಡ ಪ್ರತಿ ತೆಗೆದುಕೊಳ್ಳಿ. ಮೊದಲ ಪುಟದಿಂದ ಶುರು ಮಾಡಬೇಡಿ, ಸುಸ್ತಾಗುತ್ತದೆ. ರಾಜ್ಯಗಳ ಕುರಿತ 6ನೇ ಭಾಗಕ್ಕೆ ಬನ್ನಿ. ಪ್ರತಿ ವಿಧಿಯಲ್ಲೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಅಧಿಕಾರ ಯಾರ ಕೈಯಲ್ಲಿದೆ? ಅವರ ಬಣ್ಣದಲ್ಲಿ ಗೆರೆ ಎಳೆಯಿರಿ.

164ನೇ ವಿಧಿಗೆ ಬರುವಾಗ ಬಣ್ಣ ಬೆರೆಯುತ್ತದೆ. ಮಂತ್ರಿಮಂಡಲ ವಿಧಾನಸಭೆಗೆ ಹೊಣೆ. ಶಾಸಕರಲ್ಲದವರು ಮಂತ್ರಿಯಾದರೆ 6 ತಿಂಗಳೊಳಗೆ ಯಾವುದಾದರೂ ಸದನದ ಸದಸ್ಯರಾಗಬೇಕು. ಬೆಂಗಳೂರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸದನವೂ ಮುಖ್ಯಮಂತ್ರಿ ಕೊಠಡಿಯೂ ವಿಧಾನಸೌಧದಲ್ಲೇ ಇವೆ. ಹೈಕೋರ್ಟ್ ಮಾತ್ರ ರಸ್ತೆಯಾಚೆ, ಆ ಕೆಂಪು ಕಟ್ಟಡದಲ್ಲಿ. ನಡುವಿನ ರಸ್ತೆ ಅಂಬೇಡ್ಕರ್ ವೀಧಿ. ಪ್ರವಾಸ ಹೋದಾಗ ಮಕ್ಕಳನ್ನು ಅಲ್ಲೇ ಪಕ್ಕದಲ್ಲಿ ನಿಲ್ಲಿಸಿ, ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆಯಾಗಿಡಬೇಕು ಎನ್ನುವ 50ನೇ ವಿಧಿ ಓದಿಸುತ್ತೇನೆ.

213ನೇ ವಿಧಿಯಲ್ಲಿ ನಿಧಾನಿಸಿ. ಸದನ ನಡೆಯದಿರುವಾಗ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ಸುಗ್ರೀವಾಜ್ಞೆ ಹೊರಡಿಸಬಹುದು. ಅದಕ್ಕೆ ಕಾನೂನಿನಷ್ಟೇ ಬಲ. ಹಸಿರಿನ ಕೆಲಸವನ್ನು ಕೆಂಪು ಮಾಡಿದಂತಾಯಿತು, ಅಲ್ವಾ? ಪೆನ್ಸಿಲ್ ಕೆಳಗಿಡಬೇಡಿ, ಕೆಳಗಿನ ಸಾಲು ಓದಿ. ಸುಗ್ರೀವಾಜ್ಞೆಯನ್ನು ಸದನದ ಮುಂದೆ ಇಡಲೇಬೇಕು. ಸದನ ಮತ್ತೆ ಸೇರಿ 6 ವಾರ ಕಳೆದರೆ ಅದು ತಾನಾಗಿ ಬಿದ್ದುಹೋಗುತ್ತದೆ. ಅಧಿಕಾರ ಕೊಟ್ಟ ಜಾಗದಲ್ಲೇ ಮೂಗುದಾರವೂ ಇದೆ. ಪ್ರತಿ ಅಧಿಕಾರಕ್ಕೂ ಅದರ ಮೂಗುದಾರ ಎಲ್ಲಿದೆ ಅಂತ ಹುಡುಕಿ. ನಾನು ಮಕ್ಕಳಿಗೆ ಜಾಸ್ತಿ ಒತ್ತಿ ಹೇಳುವುದು ಇದನ್ನೇ.

211 ಮತ್ತು 212 ಅಕ್ಕಪಕ್ಕದಲ್ಲಿವೆ. ನ್ಯಾಯಾಧೀಶರು ಕರ್ತವ್ಯದಲ್ಲಿ ನಡೆದುಕೊಂಡ ಬಗ್ಗೆ ವಿಧಾನಮಂಡಲ ಚರ್ಚಿಸುವಂತಿಲ್ಲ. ಸದನ ನಡೆಸಿದ ಕ್ರಮ ಸರಿಯಿಲ್ಲ ಅಂತ ಕೋರ್ಟ್ ಪ್ರಶ್ನಿಸುವಂತಿಲ್ಲ. ಎರಡನ್ನೂ ಒಟ್ಟಿಗೇ ಓದಿ.

ಈಗ ಪುಟ ಮಗುಚಿ 356ಕ್ಕೆ ಹೋಗಿ. ರಾಜ್ಯದ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತರುವ ವಿಧಿ. ಘೋಷಣೆ ಕೆಂಪು. 2 ತಿಂಗಳೊಳಗೆ ಸಂಸತ್ತಿನ ಎರಡೂ ಸದನ ಒಪ್ಪಬೇಕು, ಅದು ಹಸಿರು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋಗಿದ್ದು ಹೀಗೆ. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ಅವರಿಗೆ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಇಂಥ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು.

"ಸಾರ್, ಅವರಿಗೆ ಕುರ್ಚಿ ವಾಪಸ್ ಸಿಕ್ತಾ?" ಎಂದು ಒಬ್ಬಳು ಕೇಳಿದಳು. ಇಲ್ಲ, ಅಷ್ಟರಲ್ಲಿ ಚುನಾವಣೆಯೂ ಮುಗಿದು ಬೇರೆ ಸರ್ಕಾರ ಬಂದಿತ್ತು.

ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು ಅಂತ ನೀಲಿ ಗೆರೆ ಎಳೆಯಲು 356ರಲ್ಲಿ ನಿಮಗೆ ಸಾಲು ಸಿಗುವುದಿಲ್ಲ. ಪುಟದ ಅಂಚಿನಲ್ಲಿ ನೀಲಿ ಪೆನ್ಸಿಲ್‌ನಲ್ಲೇ ಬರೆದುಕೊಳ್ಳಿ: ಬೊಮ್ಮಾಯಿ ಪ್ರಕರಣ, 1994.